ಸಂಗಮದ ಸುಟ್ಟ ಮಣ್ಣೂ ಅಯಸ್ಕಾಂತದ ಸಂಸ್ಕಾರವೂ

೧

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಎಂಬ ಎರಡು ತಾಲ್ಲೂಕುಗಳು ಕರ್ಣಾಟಕದ ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ಸುಪರಿಚಿತವಾದುವು. ಕಪಿಲಾನದಿಯು ಶ್ರೀಕಂಠೇಶ್ವರನ ಸನ್ನಿಧಿಯ ಮಗ್ಗುಲಲ್ಲಿ ಹರಿದು, ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಎರಡು ಸೀಮೆಗಳ ಶಿಲಾಶಾಸನಗಳನ್ನೂ ತಾಮ್ರಶಾಸನಗಳನ್ನೂ ಬಿ. ಎಲ್. ರೈಸ್ ಮಹಾಶಯರು ಸಂಗ್ರಹಿಸಿ, ೧೮೯೪ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ೩ನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ಅಲ್ಲಿಂದೀಚೆಗೆ ಗಂಗರು, ಚೋಳರು, ಹೊಯ್ಸಳರು, ಮೈಸೂರರಸರು ಇವರ ಕಾಲವನ್ನು ನಿರ್ಣಯಿಸುವ ಪಂಡಿತರಿಗೆಲ್ಲ ಆ ಸಂಪುಟವು ಕೈಪಿಡಿಯಾಗಿ ಬಂದಿದೆ.

ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿರುವುದು ಈ ಸೀಮೆಯ ಮತ್ತೊಂದು ಬಗೆಯ ಶಾಸನವನ್ನು. ಅದಕ್ಕೆ ಲಿಪಿಯಿಲ್ಲ, ಭಾಷೆಯಿಲ್ಲ, ಬರೆಯಿಸಿದ ಅರಸನೂ ಇಲ್ಲ. ಬೆಂಕಿಯಲ್ಲಿ ಬೆಂದು ಆರಿದ ಮಣ್ಣು, ತಾನು ಆರಿದ ಹೊತ್ತಿನಲ್ಲಿ ಭೂಮಿಯ ಅಯಸ್ಕಾಂತಶಕ್ತಿಯು ಯಾವ ದಿಕ್ಕಿಗೆ, ಎಷ್ಟು ಬಲದಿಂದ ಇದ್ದಿತೆಂಬುದನ್ನು ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಈ ಉಳಿಕೆಗೆ ಕಾರಣವಾದದ್ದು ದ್ರವ್ಯದೊಳಗಿನ ಅತಿಸೂಕ್ಷ್ಮ ಕಾಂತಗಳು ಸ್ತಂಭಿಸಿ ನಿಲ್ಲುವುದೂ, ಅನಂತರ ಅತ್ಯಂತ ಮಂದವಾಗಿ ಚಲಿಸುವುದೂ ಆಗಿರುತ್ತದೆ. ಈ ಸ್ತಂಭನದ ಪರಾಕಾಷ್ಠೆಯನ್ನು ಭೌತವಿಜ್ಞಾನಿಗಳು ‘ಸ್ಪಿನ್ ಗಾಜು’ ಎಂಬ ದ್ರವ್ಯಗಳಲ್ಲಿ ಕಂಡಿರುವರು. ಸುಟ್ಟ ಮಣ್ಣಿನಿಂದ ಸ್ಪಿನ್ ಗಾಜಿನವರೆಗೆ ಈ ವಿಚಾರವು ನಡೆದುಬಂದ ದಾರಿಯನ್ನು ತಿಳಿದರೆ, ನಮ್ಮ ಪ್ರಾಚೀನಾವಶೇಷಗಳನ್ನು ಹೇಗೆ ಮುಟ್ಟಬೇಕು, ಹೇಗೆ ಮುಟ್ಟಬಾರದು ಎಂಬುದೂ ತಿಳಿದುಬರುತ್ತದೆ.

೨

ಮೊದಲು ಶಬ್ದವಿಚಾರ. ಕಬ್ಬಿಣವನ್ನು ಸೆಳೆಯುವ ಶಿಲೆಗೆ ಸಂಸ್ಕೃತದಲ್ಲಿ ಅಯಸ್ಕಾಂತವೆಂದೂ ಕನ್ನಡದಲ್ಲಿ ಸೂಜಿಗಲ್ಲೆಂದೂ ಹೆಸರು. ಸಂಸ್ಕೃತದ ಹೆಸರು ಕಲ್ಲಿಗೂ ಕಬ್ಬಿಣಕ್ಕೂ ಇರುವ ಪ್ರೀತಿಯನ್ನು ಹೇಳಿದರೆ, ಕನ್ನಡದ ಹೆಸರು ಕಣ್ಣಿಗೆ ಕಂಡ ಕಾರ್ಯವನ್ನೇ ಹೇಳುತ್ತದೆ. ಕಣಾದಮುನಿಯು ವೈಶೇಷಿಕಸೂತ್ರಗಳ ಐದನೆಯ ಅಧ್ಯಾಯದಲ್ಲಿ, ಸೂಜಿಯು ಈ ಕಲ್ಲಿನ ಕಡೆಗೆ ಸರಿಯುವುದನ್ನು ಎತ್ತಿಹೇಳಿ, ಅದಕ್ಕೆ ಕಾರಣವು ಅದೃಷ್ಟವೆಂದು ನಿರ್ದೇಶಿಸಿರುವನು. ಕಾಳಿದಾಸನು ಕುಮಾರಸಂಭವದ ಎರಡನೆಯ ಸರ್ಗದಲ್ಲಿ, ತಪೋನಿಶ್ಚಲವಾದ ಶಿವನ ಮನಸ್ಸನ್ನು ಉಮೆಯ ಸೌಂದರ್ಯದಿಂದ ಸೆಳೆಯಬೇಕೆಂಬಲ್ಲಿ ಇದೇ ಅಯಸ್ಕಾಂತವನ್ನು ಉಪಮಾನವಾಗಿ ತಂದಿರುವನು. ಶಂಕರಭಗವತ್ಪಾದರು ಬ್ರಹ್ಮಸೂತ್ರಭಾಷ್ಯದಲ್ಲಿ, ತಾನು ಅಲುಗದೆ ಇತರವನ್ನು ಅಲುಗಿಸುವುದಕ್ಕೆ ಇದನ್ನು ದೃಷ್ಟಾಂತವಾಗಿ ವಿಚಾರಿಸಿರುವರು. ರಸಶಾಸ್ತ್ರಜ್ಞರು ಕಾಂತಲೋಹವನ್ನು ಭ್ರಾಮಕ, ಚುಂಬಕ, ಕರ್ಷಕ, ದ್ರಾವಕ, ರೋಮಕ ಎಂದು ಐದು ಬಗೆಯಾಗಿ ವಿಂಗಡಿಸಿರುವರು.

ಈ ಉಕ್ತಿಗಳೆಲ್ಲವೂ ಆಕರ್ಷಣವನ್ನು ಕುರಿತವು. ಇವುಗಳನ್ನು ಮುಂದಿಟ್ಟು, ಆಧುನಿಕರು ಕಂಡದ್ದನ್ನೆಲ್ಲ ನಮ್ಮವರು ಮೊದಲೇ ಬಲ್ಲವರಾಗಿದ್ದರೆಂದು ಹೇಳುವುದು ಸಾಹಸವೇ ಸರಿ. ಕಣಾದನು ಕಾರಣವು ಅದೃಷ್ಟವೆಂದಾಗ, ಕಂಡ ಕಾರಣಗಳಲ್ಲಿ ಯಾವುದಕ್ಕೂ ಇದು ಒಳಪಡುವುದಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿದನು. ಆ ಪ್ರಾಮಾಣಿಕತೆಯನ್ನು ಬಿಟ್ಟು ಅದನ್ನೇ ಸರ್ವಜ್ಞತ್ವವೆಂದು ಸಾರುವುದು ಋಷಿಗೆ ಗೌರವವಲ್ಲ. ಆದರೂ ನಮ್ಮ ಶಾಸ್ತ್ರಗಳು ಕೂಡಿಟ್ಟಿರುವ ಕೆಲವು ಪರಿಭಾಷೆಗಳು ಹೊಸ ವಿಷಯವನ್ನು ಕನ್ನಡದಲ್ಲಿ ತಿಳಿಯಹೇಳುವುದಕ್ಕೆ ಬಹಳವಾಗಿ ಒದಗುತ್ತವೆ. ಅವುಗಳಲ್ಲಿ ‘ಸಂಸ್ಕಾರ’, ‘ವಿಪ್ರತಿಷೇಧ’, ‘ಪ್ರತ್ಯಭಿಜ್ಞೆ’ ಎಂಬ ಮೂರನ್ನು ಮುಂದೆ ಬಳಸಿಕೊಳ್ಳಲಾಗುವುದು. ಇವು ಅರ್ಥವನ್ನು ಬೆಳಗುವ ದೀಪಗಳೇ ಹೊರತು ಪೂರ್ವಿಕರು ಸ್ಪಿನ್ ಗಾಜನ್ನು ಬಲ್ಲವರೆಂಬುದಕ್ಕೆ ಪ್ರಮಾಣಗಳಲ್ಲ.

೩

ತಿರುಮಕೂಡಲು ನರಸೀಪುರದ ಸಂಗಮದ ಬಳಿ, ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ೧೯೫೯-೬೦ರಲ್ಲಿ ಮೊದಲಾಗಿ ಉತ್ಖನನಗಳು ನಡೆದುವು. ಅದರ ವರದಿಯು ೧೯೭೧ರಲ್ಲಿ ಪ್ರಕಟವಾಯಿತು. ಅಲ್ಲಿ ನವಶಿಲಾಯುಗದ ಜನರ ನೆಲೆಯೂ ಸಮಾಧಿಗಳೂ ಬೆಳಕಿಗೆ ಬಂದುವು. ಉಜ್ಜಿದ ಕಲ್ಲಿನ ಕೊಡಲಿಗಳು, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು, ಮಲಗುವಾಗ ತಲೆಗೆ ಇಟ್ಟುಕೊಳ್ಳುವ ಸುಟ್ಟ ಮಣ್ಣಿನ ಆಸರೆ, ಇವೆಲ್ಲ ದೊರೆತುವು. ಅವುಗಳ ಕಾಲವು ಕ್ರಿ. ಪೂ. ಎರಡನೆಯ ಸಹಸ್ರಮಾನಕ್ಕೆ ಸೇರುತ್ತದೆ. ತಲಕಾಡಿನ ಗಂಗರಿಗೂ ಈ ಮಡಕೆಗಳಿಗೂ ನಡುವೆ ಸಾವಿರಾರು ವರ್ಷಗಳ ಅಂತರವಿದೆ; ಆ ಅಂತರದಲ್ಲಿ ಯಾವ ಅಕ್ಷರವೂ ಇಲ್ಲ.

ಮಡಕೆಯ ಮಣ್ಣಿನಲ್ಲಿ ಕಬ್ಬಿಣದ ಅಂಶವು ಇದ್ದೇ ಇರುತ್ತದೆ. ಗಾಳಿಯು ಸಾಕಷ್ಟು ಆಡುವ ಬೆಂಕಿಯಲ್ಲಿ ಅದು ಸಾಮಾನ್ಯವಾಗಿ ಹೆಮಟೈಟ್ ಎಂಬ ಕೆಂಪು ಖನಿಜವಾಗಿ ಮಡಕೆಯನ್ನು ಕೆಂಪುಮಾಡುತ್ತದೆ. ಗಾಳಿಯು ಕಡಮೆಯಾದಲ್ಲಿ ಮ್ಯಾಗ್ನೆಟೈಟ್ ಎಂಬ ಕಪ್ಪು ಖನಿಜವು ಉಂಟಾಗಬಲ್ಲುದು. ಈ ಎರಡನೆಯದೇ ಸೂಜಿಗಲ್ಲಿನ ದ್ರವ್ಯ. ಇದರ ಸೂಕ್ಷ್ಮಕಣಗಳೊಳಗೆ ಪರಮಾಣುಗಳ ಎಲೆಕ್ಟ್ರಾನುಗಳಿಗೆ ಸಹಜವಾದ ಕಾಂತಗುಣವೊಂದಿದೆ. ೧೯೨೫ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಡಚ್ ವಿದ್ವಾಂಸರು ಇದನ್ನು ಊಹಿಸಿ, ಅದಕ್ಕೆ ‘ಸ್ಪಿನ್’ ಎಂದು ಹೆಸರಿಟ್ಟರು. ಬುಗುರಿಯಂತೆ ತಿರುಗುವುದೆಂದು ಶಬ್ದಾರ್ಥವಾದರೂ, ಇದು ನಿಜವಾದ ತಿರುಗಾಟವಲ್ಲ. ಪ್ರತಿಯೊಂದು ಸ್ಪಿನ್ನನ್ನೂ ಒಂದು ದಿಕ್ಕನ್ನು ತೋರುವ ಅತಿಸೂಕ್ಷ್ಮ ಸೂಜಿಯೆಂದು ಭಾವಿಸಿದರೆ ಪ್ರಕೃತಕ್ಕೆ ಸಾಕು.

ಶಾಖವು ಹೆಚ್ಚಾದಂತೆ ಈ ಸೂಜಿಗಳ ಒಗ್ಗಟ್ಟು ಮುರಿಯುತ್ತದೆ. ಒಂದು ನಿಶ್ಚಿತ ಉಷ್ಣತೆಯನ್ನು ಮೀರಿದೊಡನೆ ಕಾಂತತ್ವವು ಅಳಿಯುವುದೆಂಬುದನ್ನು ಪಿಯೆರ್ ಕ್ಯೂರಿಯು ೧೮೯೫ರಲ್ಲಿ ವಿಸ್ತಾರವಾಗಿ ಪರೀಕ್ಷಿಸಿ ತೋರಿಸಿದನು. ಕಬ್ಬಿಣಕ್ಕೆ ಈ ಮೇರೆಯು ಸುಮಾರು ೭೭೦ ಡಿಗ್ರಿ ಸೆಲ್ಸಿಯಸ್, ಮ್ಯಾಗ್ನೆಟೈಟಿಗೆ ಸುಮಾರು ೫೮೦. ಈ ಮೇರೆಯನ್ನು ದಾಟುವಂತೆ ಸುಟ್ಟ ಮಡಕೆಯು ಹಳೆಯ ದಿಕ್ಕನ್ನೆಲ್ಲ ಮರೆಯುತ್ತದೆ. ಬೆಂಕಿ ಆರುತ್ತ ಬಂದಂತೆ ಕಣಗಳೊಳಗಿನ ಸೂಜಿಗಳು ಮತ್ತೆ ಒಗ್ಗೂಡಿ, ಆಗಿನ ಭೂಕಾಂತದ ಕಡೆಗೆ ಕಿಂಚಿತ್ತಾಗಿ ಒಲೆದು, ಹಾಗೆಯೇ ಸ್ತಂಭಿಸಿ ನಿಲ್ಲುತ್ತವೆ.

೪

ಈ ತತ್ತ್ವವನ್ನು ಮಡಕೆಗಳಿಗೆ ಮೊದಲಾಗಿ ಅನ್ವಯಿಸಿದವರಲ್ಲಿ ಇಟಲಿಯ ಜುಸೆಪ್ಪೆ ಫೋಲ್ಗೆರೈಟರನು ಮುಖ್ಯನು. ಆತನು ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಎಟ್ರುಸ್ಕನ್ ಮೊದಲಾದ ಪ್ರಾಚೀನ ಪಾತ್ರೆಗಳನ್ನು ಪರೀಕ್ಷಿಸಿದನು. ಫ್ರಾನ್ಸಿನ ಎಮಿಲ್ ತೆಲ್ಯೆ ಮತ್ತು ಒಡೆಟ್ ತೆಲ್ಯೆ ದಂಪತಿಗಳು ದಶಕಗಳ ಪರಿಶ್ರಮದಿಂದ ಈ ವಿದ್ಯೆಯನ್ನು ಶಾಸ್ತ್ರವನ್ನಾಗಿ ಮಾಡಿದರು. ಸುಟ್ಟ ಮಣ್ಣಿನಿಂದ ಪ್ರಾಚೀನ ಭೂಕಾಂತದ ಬಲವನ್ನು ಅಳೆಯುವ ಅವರ ಕ್ರಮವು ೧೯೫೯ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾಯಿತು.

ಮಣ್ಣು ಇಷ್ಟು ಕಾಲ ಹೇಗೆ ನೆನಪಿಟ್ಟುಕೊಂಡೀತೆಂಬ ಪ್ರಶ್ನೆಗೆ ೧೯೪೯ರಲ್ಲಿ ಲೂಯಿ ನೀಲ್ ಎಂಬ ಫ್ರೆಂಚ್ ವಿಜ್ಞಾನಿಯು ಉತ್ತರವನ್ನು ಕೊಟ್ಟನು. ಸೂಕ್ಷ್ಮಕಣವೊಂದರ ಕಾಂತದಿಕ್ಕು ಮಗುಚಿಕೊಳ್ಳಬೇಕಾದರೆ ನಡುವೆ ಒಂದು ದಿಣ್ಣೆಯನ್ನು ಏರಬೇಕು. ಏರಿಸುವುದು ಶಾಖದ ಅಲುಗಾಟ. ದಿಣ್ಣೆಯ ಎತ್ತರವು ಕಣದ ಗಾತ್ರವನ್ನು ಅನುಸರಿಸುತ್ತದೆ. ಗಾತ್ರವು ಸ್ವಲ್ಪ ಹೆಚ್ಚಿದರೂ ಕಾಯಬೇಕಾದ ಕಾಲವು ಅಪಾರವಾಗಿ ಹೆಚ್ಚುತ್ತದೆ. ಒಂದು ಕಣವು ಒಂದು ನಿಮಿಷಕ್ಕೊಮ್ಮೆ ಮಗುಚುವುದೆಂದಿಟ್ಟುಕೊಳ್ಳೋಣ. ಅದೇ ಉಷ್ಣತೆಯಲ್ಲಿ ಅದರ ಇಮ್ಮಡಿ ಗಾತ್ರದ ಕಣವು ಮಗುಚುವುದಕ್ಕೆ ಒಂದು ಲಕ್ಷ ವರ್ಷಕ್ಕೂ ಮಿಗಿಲಾದ ಕಾಲ ಬೇಕಾಗುತ್ತದೆ. ಆದುದರಿಂದ ಸ್ತಂಭನವೆಂದರೆ ಚಲನದ ಅಭಾವವಲ್ಲ. ನೋಡುವವನ ಆಯುಸ್ಸಿಗಿಂತ ಚಲನದ ಕಾಲವು ದೀರ್ಘವಾಗಿರುವುದೇ ಸ್ತಂಭನ. ಸಣ್ಣ ಕಣಗಳು ಈಗಲೂ ಮೆಲ್ಲಮೆಲ್ಲನೆ ಇಂದಿನ ದಿಕ್ಕಿಗೆ ತಿರುಗುತ್ತಿರುತ್ತವೆ. ದೊಡ್ಡ ಕಣಗಳು ಹಳೆಯ ದಿಕ್ಕನ್ನು ಬಿಡವು. ಮೊದಲನೆಯವುಗಳ ಹೊಸ ಲೇಪವನ್ನು ಕಳೆದು ಎರಡನೆಯವುಗಳ ಮೂಲವನ್ನು ಓದುವುದೇ ಪರೀಕ್ಷಕನ ಕೆಲಸ. ಓಲೆಗರಿಯಲ್ಲಿ ಮೇಲುಬರಹವನ್ನು ಸರಿಸಿ ಮೂಲಪಾಠವನ್ನು ಹಿಡಿಯುವ ಗ್ರಂಥಸಂಪಾದಕನಿಗೆ ಇದು ಅಪರಿಚಿತವಾದ ಕೆಲಸವಲ್ಲ.

ಹೀಗೆ ಓದಿದ್ದರಿಂದ ಪ್ರಯೋಜನವೇನೆಂದರೆ: ಭೂಕಾಂತವು ಸ್ಥಿರವಲ್ಲ. ಲಂಡನ್ ನಗರದಲ್ಲಿ ದಿಕ್ಸೂಚಿಯು ೧೫೮೦ರಲ್ಲಿ ನಿಜವಾದ ಉತ್ತರಕ್ಕಿಂತ ಸುಮಾರು ೧೧ ಅಂಶಗಳಷ್ಟು ಪೂರ್ವಕ್ಕೆ ಒಲೆದಿದ್ದಿತು. ೧೯ನೆಯ ಶತಮಾನದ ಆದಿಯಲ್ಲಿ ಸುಮಾರು ೨೪ ಅಂಶಗಳಷ್ಟು ಪಶ್ಚಿಮಕ್ಕೆ ಒಲೆದಿತ್ತು. ನಮ್ಮ ದೇಶದಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ೧೮೪೦ರ ದಶಕದಿಂದ ಇದರ ಲೆಕ್ಕವು ಮೊದಲಾಗಿ, ೧೯೦೪ರಲ್ಲಿ ಆ ಕೆಲಸವು ಆಲಿಬಾಗಿಗೆ ವರ್ಗವಾಯಿತು. ಅದಕ್ಕೂ ಹಿಂದಿನ ಸಹಸ್ರಮಾನಗಳ ಸಾಕ್ಷಿಯನ್ನು ಸುಟ್ಟ ಮಣ್ಣು, ಬೆಂದ ಇಟ್ಟಿಗೆ, ಕಬ್ಬಿಣ ಕರಗಿಸಿದ ಕುಲುಮೆಯ ಗೋಡೆ ಮೊದಲಾದುವುಗಳಿಂದಲೇ ಕೇಳಬೇಕು. ಒಂದು ಸೀಮೆಯಲ್ಲಿ ಈ ಏರಿಳಿತದ ಕ್ರಮವು ಒಮ್ಮೆ ತಿಳಿದರೆ, ಕಾಲ ತಿಳಿಯದ ಒಲೆಯೊಂದರ ಕಾಲವನ್ನು ಅದರಿಂದ ಹೇಳಬಹುದು.

ಇಲ್ಲಿ ಒಂದು ಭೇದವನ್ನು ವಾಚಕರು ಅವಶ್ಯವಾಗಿ ಗಮನಿಸಬೇಕು. ಮಡಕೆಯನ್ನು ಸುಟ್ಟ ಜಾಗದಿಂದ ಎತ್ತಿದೊಡನೆ ಅದರ ಪೂರ್ವಪಶ್ಚಿಮಗಳು ಕೆಟ್ಟುವು. ನೆಟ್ಟಗೆ ನಿಲ್ಲಿಸಿ ಸುಟ್ಟದ್ದೆಂದು ನಿಶ್ಚಯವಿದ್ದರೆ ಸೂಜಿಯು ನೆಲದ ಕಡೆಗೆ ಬಾಗಿದ ಅಂಶವಷ್ಟೇ ತಿಳಿದೀತು. ಭೂಕಾಂತದ ಬಲವು ಮಾತ್ರ ಒಡೆದ ಬೋಕಿಯಲ್ಲಿಯೂ ಉಳಿದಿರುತ್ತದೆ. ಆದರೆ ನೆಲದಲ್ಲಿಯೇ ಕಟ್ಟಿದ ಒಲೆಯೂ, ಬೆಂದ ನೆಲಗಟ್ಟೂ, ಆವಗೆಯೂ ದಿಕ್ಕನ್ನೂ ಬಲವನ್ನೂ ಎರಡನ್ನೂ ಕಾಪಾಡಿರುತ್ತವೆ. ಶಿಲಾಶಾಸನವನ್ನು ಗದ್ದೆಯಿಂದ ತಂದು ದೇವಸ್ಥಾನದ ಪ್ರಾಕಾರದಲ್ಲಿ ನಿಲ್ಲಿಸಿದರೆ ಅದರ ಒಂದಕ್ಷರವೂ ಹೋಗುವುದಿಲ್ಲ. ಬೆಂದ ಒಲೆಯನ್ನು ದಿಕ್ಕು ಗುರುತಿಸದೆ ಒಂದು ಗೇಣು ಕದಲಿಸಿದರೆ ಅದರ ಬರಹದಲ್ಲಿ ಅರ್ಧವು ಎಂದೆಂದಿಗೂ ಅಳಿಯುತ್ತದೆ.

೫

ಮಡಕೆಯಲ್ಲಿನ ಕಣಗಳು ಬಹುಮಟ್ಟಿಗೆ ಸ್ವತಂತ್ರವಾದುವು. ಒಂದೊಂದೂ ತನ್ನ ದಿಣ್ಣೆಯನ್ನು ತಾನೇ ಏರಬೇಕು. ಸ್ಪಿನ್‌ಗಳು ಒಂದಕ್ಕೊಂದು ಕಟ್ಟುಬಿದ್ದು, ಆ ಕಟ್ಟುಗಳೇ ಪರಸ್ಪರ ವಿರುದ್ಧವಾದರೆ ಏನಾಗುವುದು? ಸ್ಪಿನ್ ಗಾಜಿನ ವಿಚಾರವು ಇಲ್ಲಿ ಮೊದಲಾಗುತ್ತದೆ.

ಮೈಸೂರು ಮತ್ತು ನಂಜನಗೂಡುಗಳ ನಡುವಣ ಸೀಮೆಯಲ್ಲಿ ಸಿಂಧುವಳ್ಳಿಯೆಂಬ ಗ್ರಾಮವಿದೆ. ಅಲ್ಲಿ ಕ್ರೋಮೈಟ್ ಎಂಬ ಖನಿಜವನ್ನು ಅಗೆದು ತೆಗೆದಿರುವರು. ಕಬ್ಬಿಣ, ಕ್ರೋಮಿಯಂ, ಆಮ್ಲಜನಕಗಳಿಂದಾದ ಈ ಖನಿಜವು ಮ್ಯಾಗ್ನೆಟೈಟಿನಂತೆಯೇ ‘ಸ್ಪಿನೆಲ್’ ಎಂಬ ಸ್ಫಟಿಕವರ್ಗಕ್ಕೆ ಸೇರಿದುದು. ಸ್ಪಿನ್ ಎಂಬುದಕ್ಕೂ ಸ್ಪಿನೆಲ್ ಎಂಬುದಕ್ಕೂ ಧ್ವನಿಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲ. ಈ ವರ್ಗದ ಸ್ಫಟಿಕದಲ್ಲಿ ಕ್ರೋಮಿಯಂ ಪರಮಾಣುಗಳು ಕುಳಿತಿರುವ ಸ್ಥಾನಗಳು, ಮೂಲೆಗೆ ಮೂಲೆ ತಾಗಿದ ಚತುಷ್ಫಲಕಗಳ ಜಾಲವಾಗಿವೆ. ಚತುಷ್ಫಲಕದ ಪ್ರತಿಯೊಂದು ಮುಖವೂ ತ್ರಿಕೋಣ. ನೆರೆಯ ಸ್ಪಿನ್‌ಗಳು ಒಂದಕ್ಕೊಂದು ಎದುರಾಗಿರಬೇಕೆಂಬ ನಿಯಮವಿದ್ದು, ಮೇಲಕ್ಕೆ ಅಥವಾ ಕೆಳಕ್ಕೆ ಎಂಬ ಎರಡೇ ದಿಕ್ಕುಗಳಿವೆಯೆಂದು ಕಲ್ಪಿಸಿರಿ. ಮೊದಲನೆಯದು ಮೇಲಕ್ಕೆ, ಎರಡನೆಯದು ಕೆಳಕ್ಕೆ. ಮೂರನೆಯದು ಯಾವ ಕಡೆಗೆ ತಿರುಗಿದರೂ ಇಬ್ಬರಲ್ಲಿ ಒಬ್ಬರೊಡನೆ ನಿಯಮಭಂಗವಾಗುತ್ತದೆ. ೧೯೫೬ರಲ್ಲಿ ಅಮೆರಿಕೆಯ ಫಿಲಿಪ್ ಆಂಡರ್‌ಸನ್ನನು ಸ್ಪಿನೆಲ್ ಜಾಲದ ಈ ಇಕ್ಕಟ್ಟನ್ನೇ ವಿಚಾರಿಸಿ, ಸಮಾನ ಶಕ್ತಿಯುಳ್ಳ ವಿನ್ಯಾಸಗಳು ಅಲ್ಲಿ ಅಸಂಖ್ಯಾತವಾಗಿ ಇರಬಲ್ಲವೆಂದು ತೋರಿಸಿದನು. ೧೯೭೭ರಲ್ಲಿ ಜೆರಾರ್ ತುಲೂಸ್ ಎಂಬ ಫ್ರೆಂಚ್ ವಿದ್ವಾಂಸನು ಇಂಥ ಇಕ್ಕಟ್ಟಿಗೆ ಆಶಾಭಂಗವೆಂಬ ಅರ್ಥವುಳ್ಳ ಹೆಸರನ್ನು ರೂಢಿಗೆ ತಂದನು.

ವೈಯಾಕರಣರು ಇದನ್ನು ವಿಪ್ರತಿಷೇಧವೆಂದು ಒಡನೆಯೇ ಗುರುತಿಸುವರು: ತುಲ್ಯಬಲವುಳ್ಳ ಎರಡು ವಿಧಿಗಳು ಒಂದೇ ಎಡೆಯಲ್ಲಿ ಪ್ರಾಪ್ತವಾಗಿ ಒಂದನ್ನೊಂದು ತಡೆಯುವ ಸಂದರ್ಭ. ಪಾಣಿನಿಯು ಅಲ್ಲಿ ಪರವಾದ ಸೂತ್ರವು ಗೆಲ್ಲಲೆಂದು ವಿಧಿಸಿ ವಿವಾದವನ್ನು ಮುಗಿಸಿದನು. ಪ್ರಕೃತಿಯು ಸ್ಪಿನ್‌ಗಳಿಗೆ ಅಂಥ ಪರಿಭಾಷೆಯೊಂದನ್ನು ಕೊಟ್ಟಿಲ್ಲ. ಒಳಕ್ಕೂ ಇಳಿಯದೆ ಹೊರಕ್ಕೂ ಬಾರದೆ ಕಂಠದಲ್ಲಿಯೇ ನಿಂತ ವಿಷದ ಕಥೆಯನ್ನು ನಂಜುಂಡನ ಊರಿನವರಿಗೆ ಹೇಳಬೇಕಾಗಿಲ್ಲ. ನಿರ್ಣಯವಿಲ್ಲದ ಎಡೆಯಲ್ಲಿ ನಿಲುಗಡೆಯೇ ಸ್ಥಿತಿಯಾಗುತ್ತದೆ.

ತಾಮ್ರದಲ್ಲಿ ಮ್ಯಾಂಗನೀಸನ್ನೋ, ಚಿನ್ನದಲ್ಲಿ ಕಬ್ಬಿಣವನ್ನೋ ನೂರಕ್ಕೆ ಕೆಲವೇ ಭಾಗಗಳಷ್ಟು ಬೆರೆಸಿದರೆ, ಆ ಕೆಲವು ಪರಮಾಣುಗಳು ಅಸ್ತವ್ಯಸ್ತವಾಗಿ ಚೆದರಿ ನಿಲ್ಲುತ್ತವೆ. ಅವುಗಳ ನಡುವಣ ಕಟ್ಟು ದೂರವನ್ನನುಸರಿಸಿ ಒಮ್ಮೆ ಅನುಕೂಲವೂ ಒಮ್ಮೆ ಪ್ರತಿಕೂಲವೂ ಆಗುವುದರಿಂದ ವಿಪ್ರತಿಷೇಧವು ಎಲ್ಲೆಡೆಯಲ್ಲಿಯೂ ವ್ಯಾಪಿಸುತ್ತದೆ. ೧೯೭೨ರಲ್ಲಿ ಕ್ಯಾನೆಲ್ಲ ಮತ್ತು ಮೈಡಾಷ್ ಎಂಬವರು ಚಿನ್ನ-ಕಬ್ಬಿಣದ ಮಿಶ್ರಲೋಹವನ್ನು ಅತಿದುರ್ಬಲವಾದ ಕಾಂತಕ್ಷೇತ್ರದಲ್ಲಿ ಪರೀಕ್ಷಿಸಿ, ನಿಶ್ಚಿತವಾದ ಒಂದು ಉಷ್ಣತೆಯಲ್ಲಿ ಅದರ ಸ್ಪಂದನವು ಚೂಪಾದ ಶಿಖರವನ್ನು ಮುಟ್ಟಿ ಇಳಿಯುವುದನ್ನು ಕಂಡರು. ಅದಕ್ಕಿಂತ ಕೆಳಗೆ ಸ್ಪಿನ್‌ಗಳು ಒಂದೊಂದು ದಿಕ್ಕಿನಲ್ಲಿ ಸ್ತಂಭಿಸಿದ್ದುವು. ಆದರೆ ಆ ದಿಕ್ಕುಗಳಲ್ಲಿ ಯಾವ ಕ್ರಮವೂ ಇರಲಿಲ್ಲ. ದ್ರವದ ಅಕ್ರಮವನ್ನೇ ಇಟ್ಟುಕೊಂಡು ಗಟ್ಟಿಯಾಗುವ ಗಾಜಿನಂತೆ ಇವು ಇರುವುದರಿಂದ ಸ್ಪಿನ್ ಗಾಜೆಂಬ ಹೆಸರು ಅನ್ವರ್ಥವಾಯಿತು.

೬

ಕ್ರಮವಿಲ್ಲದ ಈ ಸ್ಥಿತಿಯನ್ನು ಒಂದು ಸ್ಥಿತಿಯೆಂದು ಹೇಗೆ ಲಕ್ಷಣಮಾಡಬೇಕು? ೧೯೭೫ರಲ್ಲಿ ಎಡ್ವರ್ಡ್ಸ್ ಮತ್ತು ಆಂಡರ್‌ಸನ್ನರು ಇದಕ್ಕೆ ಕೊಟ್ಟ ಲಕ್ಷಣವು ಮನೋಹರವಾದುದು. ಸ್ಪಿನ್‌ಗಳೆಲ್ಲ ಒಂದೇ ಕಡೆ ನೋಡುತ್ತಿವೆಯೇ ಎಂದು ಕೇಳಬಾರದು; ಪ್ರತಿಯೊಂದು ಸ್ಪಿನ್ನೂ ಬಹುಕಾಲ ಕಳೆದ ಮೇಲೆ ತನ್ನ ಹಿಂದಿನ ದಿಕ್ಕನ್ನೇ ಹೋಲುತ್ತಿದೆಯೇ ಎಂದು ಕೇಳಬೇಕು. ‘ಅವನೇ ಇವನು’ ಎಂಬ ಪ್ರತ್ಯಭಿಜ್ಞೆಯೇ ಇಲ್ಲಿ ಲಕ್ಷಣವಾಯಿತು. ಅದೇ ವರ್ಷ ಶೆರಿಂಗ್ಟನ್ ಮತ್ತು ಕರ್ಕ್‌ಪ್ಯಾಟ್ರಿಕ್ ಎಂಬವರು ಸುಲಭವೆಂದು ತೋರುವ ಗಣಿತರೂಪವೊಂದನ್ನು ಮುಂದಿಟ್ಟರು; ಅದರ ಉತ್ತರವನ್ನು ೧೯೭೯ರಿಂದ ಮುಂದೆ ಇಟಲಿಯ ಜಾರ್ಜಿಯೋ ಪಾರಿಸಿಯು ಕಂಡುಹಿಡಿದನು. ಅಲ್ಲಿ ಸ್ಥಿತಿಗಳು ಒಂದೆರಡಲ್ಲ, ಅಸಂಖ್ಯಾತ. ಅವುಗಳ ಪರಸ್ಪರ ಸಾಮೀಪ್ಯವು ವಂಶವೃಕ್ಷದಂತೆ ಕವಲೊಡೆದಿರುತ್ತದೆ. ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಆತನಿಗೆ ಪಾಲು ಬಂದುದು ಇಂಥ ಕಾರ್ಯಕ್ಕಾಗಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಚಂದನ್ ದಾಸಗುಪ್ತರೂ ೧೯೭೯ರಲ್ಲಿ ಇತರರೊಡಗೂಡಿ ಸ್ಪಿನ್ ಗಾಜಿನ ಮಂದಚಲನವನ್ನು ಕುರಿತು ಲೇಖನವನ್ನು ಪ್ರಕಟಿಸಿದರು.

ಸ್ಪಿನ್ ಗಾಜಿಗೆ ವಯಸ್ಸೂ ಉಂಟು. ಸ್ವೀಡನ್ನಿನ ಉಪ್ಸಲಾದ ಲುಂಡ್‌ಗ್ರೆನ್ ಮತ್ತು ಸಹಕಾರಿಗಳು ೧೯೮೩ರಲ್ಲಿ ತಾಮ್ರ-ಮ್ಯಾಂಗನೀಸ್ ಮಿಶ್ರಣವನ್ನು ತಂಪುಮಾಡಿ, ಸ್ವಲ್ಪಕಾಲ ಕಾದು, ಅನಂತರ ಕಾಂತಕ್ಷೇತ್ರವನ್ನು ಒಡ್ಡಿ ನೋಡಿದರು. ಎಷ್ಟು ಹೆಚ್ಚು ಕಾಲ ಕಾದಿದ್ದರೋ ಅಷ್ಟೂ ಹೆಚ್ಚು ಮಂದವಾಗಿ ಅದು ಓಗೊಟ್ಟಿತು. ಉಷ್ಣತೆಯೊಂದೇ, ದ್ರವ್ಯವೊಂದೇ; ಕಾದ ಕಾಲವು ಮಾತ್ರ ಬೇರೆ, ಫಲವೂ ಬೇರೆ.

ಇದಕ್ಕಿಂತಲೂ ಆಶ್ಚರ್ಯಕರವಾದುದು ೧೯೯೮ರ ಪ್ರಯೋಗ. ಅದಕ್ಕೆ ಬಳಸಿದ ದ್ರವ್ಯವು ಸಿಂಧುವಳ್ಳಿಯ ಖನಿಜದ ಸ್ಫಟಿಕವರ್ಗಕ್ಕೇ ಸೇರಿದುದು: ಕ್ಯಾಡ್ಮಿಯಂ, ಕ್ರೋಮಿಯಂ, ಗಂಧಕಗಳ ಸ್ಪಿನೆಲ್; ಅದರ ಕ್ರೋಮಿಯಮ್ಮಿನಲ್ಲಿ ಸ್ವಲ್ಪ ಭಾಗವನ್ನು ತೆಗೆದು ಇಂಡಿಯಮ್ಮನ್ನು ಹಾಕಿದ್ದಿತು. ಅದು ಸ್ತಂಭಿಸುವುದು ೧೬.೭ ಕೆಲ್ವಿನ್, ಎಂದರೆ ಸೊನ್ನೆಗಿಂತ ಸುಮಾರು ೨೫೬ ಡಿಗ್ರಿ ಸೆಲ್ಸಿಯಸ್ ಕೆಳಗೆ. ಯೊನಾಸನ್, ವಿನ್ಸೆಂಟ್ ಮೊದಲಾದವರು ಅದನ್ನು ತಂಪುಮಾಡುತ್ತ ಹೋಗಿ, ೧೨ ಕೆಲ್ವಿನ್ನಿನಲ್ಲಿ ಕೆಲವು ಗಂಟೆ ನಿಲ್ಲಿಸಿ, ಮತ್ತೆ ತಂಪುಮಾಡಿದರು. ತಗ್ಗಿನ ಉಷ್ಣತೆಯಲ್ಲಿ ಆ ನಿಲುಗಡೆಯ ಗುರುತೇ ಇರಲಿಲ್ಲ. ಬಳಿಕ ಎಲ್ಲಿಯೂ ನಿಲ್ಲಿಸದೆ ಬೆಚ್ಚಗೆ ಮಾಡುತ್ತ ಬಂದಾಗ, ಸರಿಯಾಗಿ ಆ ೧೨ ಕೆಲ್ವಿನ್ನಿನ ಬಳಿಯಲ್ಲಿಯೇ ಸ್ಪಂದನವು ತಗ್ಗಿ, ಹಿಂದೆ ನಿಂತಿದ್ದ ಸ್ಥಳವನ್ನು ತೋರಿಸಿಕೊಟ್ಟಿತು.

ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗೆ ಸಂಸ್ಕಾರವು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯೆಂಬುದು ವಿದಿತವೇ ಇದೆ. ಇವುಗಳಲ್ಲಿ ಸ್ಮೃತಿಗೆ ಕಾರಣವಾದ ಭಾವನೆಯು ಆತ್ಮನಲ್ಲಿ ಮಾತ್ರ ಇರುವುದೆಂದು ಶಾಸ್ತ್ರದ ಮರ್ಯಾದೆ. ಬಗ್ಗಿಸಿದ ಕೊಂಬೆಯು ಹಿಂದಿನ ನಿಲುವಿಗೆ ಮರಳುವ ಸ್ಥಿತಿಸ್ಥಾಪಕವು ಪೃಥಿವಿಯೇ ಮೊದಲಾದ ಮೂರ್ತದ್ರವ್ಯದಲ್ಲಿ ಇರುವಂಥದು. ಸ್ಪಿನ್ ಗಾಜಿನ ಗುಣವು ಈ ಎರಡರಲ್ಲಿ ಯಾವುದಕ್ಕೂ ನೇರವಾಗಿ ಸೇರಲಾರದು. ಅದು ಹಿಂದಿನ ನಿಲುವಿಗೆ ಮರಳುವುದಿಲ್ಲ, ಜ್ಞಾನವುಳ್ಳದ್ದೂ ಅಲ್ಲ. ಆದರೂ ತನಗೆ ಒದಗಿದ ಪೂರ್ವಚರಿತ್ರೆಯನ್ನು ಉದ್ಬೋಧಕವು ಒದಗಿದಾಗ ತೋರ್ಪಡಿಸುತ್ತದೆ. ಶಾಸ್ತ್ರದ ವಿಭಾಗವು ಇಲ್ಲಿ ಸಾಲದೆ ಬರುವುದನ್ನು ಸಂಕೋಚವಿಲ್ಲದೆ ಹೇಳುವುದೇ ಶಾಸ್ತ್ರಕ್ಕೆ ನಾವು ಸಲ್ಲಿಸುವ ನ್ಯಾಯ. ಹೊಸ ಪದಾರ್ಥಕ್ಕೆ ಹಳೆಯ ಹೆಸರನ್ನು ತೊಡಿಸಿ ಭೇದವನ್ನು ಮುಚ್ಚಿದರೆ ಎರಡೂ ಕೆಡುತ್ತವೆ.

೭

ಇಷ್ಟರಿಂದ ಸಿದ್ಧವಾದದ್ದೇನೆಂದರೆ: ನೀರಿನ ಸ್ಥಿತಿಯನ್ನು ತಿಳಿಯಲು ಈಗಿನ ಉಷ್ಣತೆಯನ್ನೂ ಒತ್ತಡವನ್ನೂ ಅಳೆದರೆ ಸಾಕು; ಅದು ಮಂಜಿನಿಂದ ಬಂದಿತೋ ಮಳೆಯಿಂದ ಬಂದಿತೋ ಎಂಬ ವಿಚಾರವು ಬೇಡ. ಸುಟ್ಟ ಮಣ್ಣಿಗೂ ಸ್ಪಿನ್ ಗಾಜಿಗೂ ಹಾಗಲ್ಲ. ಅವು ಯಾವ ದಾರಿಯಲ್ಲಿ ಬಂದುವೆಂಬುದನ್ನು ತಿಳಿಯದೆ ಈಗ ಹೇಗಿವೆಯೆಂಬುದನ್ನು ಹೇಳಲಾಗುವುದಿಲ್ಲ. ಜಡದ್ರವ್ಯದಲ್ಲಿಯೂ ಇತಿಹಾಸವು ಸ್ಥಿತಿಯ ಒಂದು ಭಾಗವಾಗಿರಬಲ್ಲುದೆಂಬುದು ಇತಿಹಾಸವನ್ನು ಬೋಧಿಸುವ ನಮಗೆ ಸಂತೋಷವನ್ನು ಕೊಡತಕ್ಕ ಮಾತು.

ಆದರೆ ಸಂತೋಷದೊಡನೆ ಕರ್ತವ್ಯವೂ ಬರುತ್ತದೆ. ಸಂಗಮದ ದಂಡೆಯಲ್ಲಿ ಹೊಲವನ್ನು ಉಳುವಾಗ, ನಾಲೆಯನ್ನು ತೋಡುವಾಗ, ಮನೆಯ ತಳಪಾಯವನ್ನು ತೆಗೆಯುವಾಗ ಕೆಂಪಗೆ ಬೆಂದ ನೆಲವೋ ಒಲೆಯ ಗೋಡೆಯೋ ಕಾಣಿಸಿಕೊಂಡರೆ ಅದನ್ನು ಬರಿಯ ಮಣ್ಣೆಂದು ಎಸೆಯುವುದು ಸಹಜವಾಗಿದೆ. ಶಾಸನದ ಕಲ್ಲನ್ನು ಒಗೆಯುವ ಕಲ್ಲನ್ನಾಗಿ ಮಾಡಿಕೊಂಡುದನ್ನು ಕಂಡು ನಾವು ಮರುಗುತ್ತೇವೆ. ಇದಕ್ಕೆ ಮರುಗುವವರಿಲ್ಲ, ಏಕೆಂದರೆ ಇದರ ಅಕ್ಷರವು ಕಣ್ಣಿಗೆ ಕಾಣುವುದಿಲ್ಲ. ಅಂಥ ಸ್ಥಳವನ್ನು ಅಲುಗಿಸದೆ ತಿಳಿದವರಿಗೆ ತಿಳಿಸುವುದು ಮೊದಲ ಕೆಲಸ. ಎತ್ತಲೇಬೇಕಾದರೆ, ಅದರ ಮೇಲೆ ಗಾರೆಯಿಂದ ಮಟ್ಟವಾದ ಮುಖವೊಂದನ್ನು ಮಾಡಿ, ಸೂರ್ಯನಿಂದ ನಿರ್ಣಯಿಸಿದ ಉತ್ತರದಿಕ್ಕನ್ನು ಅದರಲ್ಲಿ ಗೀಚಿ, ಅನಂತರ ಎತ್ತುವುದು ಪರೀಕ್ಷಕರ ಸಂಪ್ರದಾಯ. ಇದಕ್ಕೆ ವೆಚ್ಚವು ಅತ್ಯಲ್ಪ, ಬೇಕಾದದ್ದು ಎಚ್ಚರಿಕೆ ಮಾತ್ರ.

ನವಶಿಲಾಯುಗದ ಆ ಕುಂಬಾರನು ತನ್ನ ಗಡಿಗೆಯನ್ನು ಬೇಯಿಸುವಾಗ ಯಾರಿಗೂ ಏನನ್ನೂ ತಿಳಿಸಬೇಕೆಂದು ಎಣಿಸಿದವನಲ್ಲ. ಆತನ ಹೆಸರೂ ಭಾಷೆಯೂ ನಮಗೆ ದೊರೆಯಲಾರವು. ಆದರೆ ಆತನ ಬೆಂಕಿಯು ಆರಿದ ಸಂಜೆ ಭೂಮಿಯ ಕಾಂತವು ಹೇಗಿದ್ದಿತೆಂಬುದು ಮಾತ್ರ, ನಾವು ಕೆಡಿಸದಿದ್ದರೆ, ಸಂಗಮದ ಮಣ್ಣಿನಲ್ಲಿ ಇಂದಿಗೂ ಇದೆ. ಮೂರು ಸಾವಿರ ವರ್ಷಗಳಿಗೂ ಮಿಗಿಲಾಗಿ ಪ್ರಕೃತಿಯು ಕಾದಿಟ್ಟುದನ್ನು ಒಂದು ಗುದ್ದಲಿಯ ಪೆಟ್ಟಿಗೆ ನಾವು ಕಳೆಯಬಾರದೆಂದು ವಿದ್ವಾಂಸರಲ್ಲಿಯೂ ಉಪಾಧ್ಯಾಯರಲ್ಲಿಯೂ ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸಲಾಗಿದೆ.